ಸುಬಾನಸಾಬರ ದೊಡ್ಡ ಶಾಮಿಯಾನ

"ಎಳೀರಿ, ಇನ್ನೊಂದು ಮೊಳ ಎಳೀರಿ!" ಎಂದು ಪಾಲಣ್ಣ ಕೂಗಿದ. ಮೂವರು ಆಳುಗಳು ಹಗ್ಗ ಜಗ್ಗಿದರು. ನಡುಗಂಬ ನೆಟ್ಟಗೆ ನಿಂತು, ಕೆಂಪು ಹಳದಿ ಪಟ್ಟೆಯ ಹೊಸ ಶಾಮಿಯಾನ ಮನೆಯಂಗಳದ ಮೇಲೆ ಹರಡಿಕೊಂಡಿತು. ಕೆಳಗೆ ಮಂಚದ ಮೇಲೆ ಬಿಳಿ ಬಟ್ಟೆ ಹೊದ್ದು ಸುಬಾನಸಾಬರು ಮಲಗಿದ್ದರು. ಮೂವತ್ತೆಂಟು ವರ್ಷ ನ್ಯಾಮತಿ ಸುತ್ತಿನವರ ಮದುವೆಗೂ ಸಾವಿಗೂ ನೆರಳು ಕಟ್ಟಿದ ಮನುಷ್ಯ ಅವತ್ತು ಬೆಳಗಿನ ನಮಾಜಿಗೆ ಏಳಲೇ ಇಲ್ಲ.

ಮಗಳು ರುಕ್ಸಾನಾ ಬಾಗಿಲಿಗೆ ಬಂದು ತಲೆ ಎತ್ತಿ ನೋಡಿದಳು.

"ಪಾಲಣ್ಣ, ಇದನ್ಯಾಕೆ ಕಟ್ಟಿದ್ರಿ? ನಾಳೆ ಬಸವಾಪಟ್ಟಣದ ಮದುವೆಗೆ ಅಂತ ಇಟ್ಟಿದ್ದು ಇದೇ ಅಲ್ವಾ? ಉಳಿದವೆರಡೂ ಜಗಳೂರಿಗೆ ಹೋಗ್ಯಾವೆ."

ಪಾಲಣ್ಣ ನಾಲಿಗೆ ಕಚ್ಚಿಕೊಂಡ. ಇಪ್ಪತ್ತು ವರ್ಷದ ಹಳೇ ಆಳು, ಇಂಥ ತಪ್ಪು ಮಾಡಿದವನಲ್ಲ. "ಸಾವಿನ ಮನೆಗೆ ಇರಾದ್ರಾಗೆ ಒಳ್ಳೇದನ್ನೇ ಕಟ್ಟಬೇಕು ಅಂತಿದ್ರಲ್ಲವ್ವ ಸಾಬರು. ಕೈ ತಾನಾಗೇ ಇದರ ಮೇಲೆ ಹೋತು."

ಅದು ನಿಜವೇ. ಬೇರೆ ಶಾಮಿಯಾನದವರು ಸಾವಿನ ಮನೆಗೆ ಹರಕಲು ಕಳಿಸುತ್ತಿದ್ದರು. ಸಾಬರು ಮಾತ್ರ ಹೊಸದನ್ನೇ ಕಳಿಸುತ್ತಿದ್ದರು. "ಮದುವೆ ಮನೇಲಿ ಯಾರು ಮೇಲೆ ನೋಡ್ತಾರೋ? ಎಲೆ ನೋಡ್ತಾರೆ. ಸಾವಿನ ಮನೇಲಿ ಪಾಪ, ಮೇಲೆ ನೋಡ್ತಾನೇ ಕುಂತಿರ್ತಾರೆ" ಎನ್ನುತ್ತಿದ್ದರು. ಅವರದು ಇನ್ನೂ ಒಂದು ಕಟ್ಟಳೆಯಿತ್ತು. ಮನೆಯವರು ಬಾಯಿಬಿಟ್ಟು 'ಬಿಚ್ಚಿಕೊಳ್ಳಿ' ಎನ್ನುವ ತನಕ ಸಾವಿನ ಮನೆಯ ಒಂದು ಗಂಟಿಗೂ ಕೈ ಹಾಕುವಂತಿಲ್ಲ. ಒಮ್ಮೆ ಚನ್ನಗಿರಿಯ ಒಂದು ಮನೆಯವರು ಹನ್ನೊಂದು ದಿನ ಹೇಳಲೇ ಇಲ್ಲ. ಹನ್ನೊಂದು ದಿನವೂ ಸಾಬರು ಆ ಬೀದಿಯ ಕಡೆ ತಲೆ ಹಾಕಲಿಲ್ಲ!

ಹತ್ತು ಗಂಟೆಗೆ ಹೊನ್ನಾಳಿಯ ಸಿದ್ದಲಿಂಗೇಶ್ ಬಂದ. ಅವನದೂ ಶಾಮಿಯಾನದ ಅಂಗಡಿಯೇ, ಎರಡು ಲಾರಿ, ಹತ್ತಾರು ಆಳು. ಹೆಣದ ಮುಂದೆ ನಿಂತು ನಿಜವಾಗಿಯೇ ಅತ್ತ. ಆಮೇಲೆ ರುಕ್ಸಾನಾಳನ್ನು ಪಕ್ಕಕ್ಕೆ ಕರೆದ.

"ತಂಗಿ, ತಪ್ಪು ತಿಳೀಬ್ಯಾಡ. ನಾಳೆ ಮದುವೆ ನಾನು ನೋಡ್ಕಂತೀನಿ. ನಿಮ್ಮ ಹುಡುಗರೂ ನನ್ನ ಜೊತೆ ಬರ್ಲಿ. ನಾಕು ಗಂಟೆಗೆ ಲಾರಿ ಬರ್ತೈತೆ. ಅಂಗಡಿ ಮುಂದೆ ಏನು ಮಾಡಾದು ಅಂತ ಆಮೇಲೆ ನಿಧಾನಕ್ಕೆ ಮಾತಾಡಾಣ. ಒಬ್ಬಳೇ ಹೆಣ್ಮಗಳು ಎಲ್ಲಿ ಗುದ್ದಾಡ್ತೀಯ?"

ಅವನು ಕೆಟ್ಟವನಲ್ಲ, ಕಷ್ಟವಿದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು. ಇವತ್ತು ಅವನ ಲಾರಿ ಹತ್ತಿದ ಆಳುಗಳು ಮತ್ತೆ ಇಳಿಯುವುದಿಲ್ಲವೆಂದು ರುಕ್ಸಾನಾಳಿಗೆ ಗೊತ್ತಿತ್ತು. ಆಳುಗಳಿಗೂ ಗೊತ್ತಿತ್ತು. ಅವರು ಅವಳ ಮುಖ ನೋಡದೆ ಗೂಟಗಳನ್ನು ನೋಡುತ್ತಾ ನಿಂತಿದ್ದರು.

* * *

ಏಳು ವರ್ಷದ ಹಿಂದೆ ಜಗಳೂರು ಕಡೆಯ ಸೊಕ್ಕೆಯಲ್ಲಿ ಒಂದು ಮದುವೆ. ರುಕ್ಸಾನಾ ಆಗಷ್ಟೇ ಬಿ.ಕಾಂ. ಮುಗಿಸಿದ್ದಳು.

"ಇವತ್ತು ನೀನು ಯಜಮಾನಿ, ನಾನು ಗಂಟು ಕಟ್ಟೋ ಆಳು" ಎಂದರು ಅಬ್ಬಾ. ಹಾಗೆಂದವರು ಕೇಳಿದ್ದು ಒಂದೇ ಮಾತು. "ಗಾಳಿ ಯಾವ ಕಡೆ ಐತೆ?"

"ಎಲ್ಲೈತೆ ಗಾಳಿ? ಒಂದು ಎಲೆ ಅಲ್ಲಾಡ್ತಿಲ್ಲ" ಎಂದಳು ಅವಳು. ರಸ್ತೆಯವರಿಗೆ ಅಲಂಕಾರ ಕಾಣಲಿ ಎಂದು ಪಡುವಲಕ್ಕೆ ಬಾಯಿ ಬಿಟ್ಟು ಕಟ್ಟಿಸಿದಳು. ಅಬ್ಬಾ ಅವಳು ಹೇಳಿದಂತೆಯೇ ಕಟ್ಟಿದರು.

ಬಯಲುಸೀಮೆಯ ಗಾಳಿ ಹನ್ನೊಂದಕ್ಕೆ ಬಂತು, ಅದೇ ಪಡುವಲಿಂದ. ಶಾಮಿಯಾನ ಉಬ್ಬಿ ಮೇಲೆದ್ದಿತು, ಒಂದು ಕಂಬ ಹೋಗಿ ಸಾರಿನ ಹಂಡೆಯೊಳಗೆ ಬಿತ್ತು. ಮದುಮಗಳ ಅಪ್ಪ ಕೈ ಎತ್ತಿಕೊಂಡೇ ಬಂದ. ಅಬ್ಬಾ ಅವಳ ಮುಂದೆ ಬಂದು ನಿಂತು ಕೈ ಮುಗಿದರು.

"ತಪ್ಪು ನಂದು ಯಜಮಾನ್ರೇ. ಕಟ್ಟಿದ್ದು ನಾನು."

ವಾಪಸ್ ಬರುವಾಗ ಟೆಂಪೊದಲ್ಲಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. "ನಿಮಗೆ ಗೊತ್ತಿತ್ತಲ್ಲ ಅಬ್ಬಾ, ಯಾಕೆ ಹೇಳಲಿಲ್ಲ?"

"ಕೇಳಿದ್ನಲ್ಲೇ. ಹೇಳಿಬಿಟ್ಟಿದ್ರೆ ನಾಳೆನೂ ನಾನೇ ಹೇಳಬೇಕಾಗ್ತಿತ್ತು." ಸ್ವಲ್ಪ ದೂರ ಹೋದ ಮೇಲೆ ಅಂದರು, "ಮುಂದಿನ ವಾರ ಅದೇ ಊರಾಗೆ ಇನ್ನೊಂದು ಐತೆ. ನೀನೇ ಹೋಗು. ನಾನು ಬರಲ್ಲ."

ಸಿಟ್ಟಿಗೆ ಅವಳು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಆದರೂ ಹೋದಳು, ಕಟ್ಟಿಸಿ ಬಂದಳು. ಅವತ್ತಿಡೀ ಅಬ್ಬಾ ಗಳಿಗೆಗೊಮ್ಮೆ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದರು, ಮಧ್ಯಾಹ್ನದ ಊಟವನ್ನೂ ಮುಟ್ಟಲಿಲ್ಲ ಎಂಬುದನ್ನು ಅಮ್ಮಿ ಎಷ್ಟೋ ದಿನದ ಮೇಲೆ ಹೇಳಿದಳು.

* * *

ಮಧ್ಯಾಹ್ನದ ಜೋಹರ್ ನಮಾಜಾದ ಮೇಲೆ ಜನಾಜಾ ಹೊರಟಿತು. ಒಂದು ಹೆಗಲು ಪಾಲಣ್ಣನದು, ಇನ್ನೊಂದು ಸಿದ್ದಲಿಂಗೇಶನದು. ರುಕ್ಸಾನಾ ಹೆಂಗಸರ ಜೊತೆ ಮನೆಯಲ್ಲೇ ಉಳಿದಳು. ಯಾರೋ ಖಾಲಿ ಮಂಚ ಎತ್ತಿ ಗೋಡೆಗೆ ಒರಗಿಸಿದರು. ಅದನ್ನು ಕಂಡಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

ಮೂರೂವರೆಗೆ ಗಂಡಸರು ಖಬರಸ್ತಾನದಿಂದ ತಿರುಗಿ ಬಂದರು. ನಾಲ್ಕಕ್ಕೆ ಸರಿಯಾಗಿ ಸಿದ್ದಲಿಂಗೇಶನ ಲಾರಿಯೂ ಬಂತು.

"ಪಾಲಣ್ಣ, ಇದನ್ನ ಇಳಿಸಿದ್ರೆ ಬಸವಾಪಟ್ಟಣಕ್ಕೆ ಹೊತ್ತಿಗೆ ಮುಟ್ತೀವಾ?" ಎಂದಳು ರುಕ್ಸಾನಾ.

"ಮುಟ್ತೀವಿ. ಆದ್ರೆ ನಾವು ಹೆಂಗೆ ಬಿಚ್ಚಾದವ್ವ?" ಪಾಲಣ್ಣ ನಡುಗಂಬದ ಮೇಲೆ ಕೈಯಿಟ್ಟ. "ಮನೆಯವರು ಹೇಳಬೇಕು. ಸಾಬರ ಮನೇಲೇ ಸಾಬರ ಮಾತು ಮುರಿಯಾಕೆ ನನ್ನ ಕೈಲಿ ಆಗಲ್ಲ."

ರುಕ್ಸಾನಾ ಒಳಗೆ ಹೋದಳು. ಅಮ್ಮಿ ಸೈದಾಬೀ ಗೋಡೆಗೆ ಒರಗಿ ಕೂತಿದ್ದಳು.

"ಅಮ್ಮಿ, ಶಾಮಿಯಾನ ಬಿಚ್ಚಲಾ? ಇನ್ನೂ ಒಂದು ದಿನವೂ ಆಗಿಲ್ಲ. ಜನ ಏನಂದಾರೋ."

ಸೈದಾಬೀ ಕಿಟಕಿಯಿಂದ ಆ ಕೆಂಪು ಹಳದಿಯನ್ನು ಬಹಳ ಹೊತ್ತು ನೋಡಿದಳು. "ಜೀವಮಾನವೆಲ್ಲ ಕಟ್ಟಿದ್ದೇ ಆತು ಅವರದು. ಇವತ್ತೊಂದು ದಿನ ಅದರ ಕೆಳಗೆ ಮಲಗಿದ್ರು, ಅಷ್ಟು ಸಾಕು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗು, ಬಿಚ್ಚಿಸು. ಮದುವೆ ಮನೆಯವರು ದಾರಿ ನೋಡ್ತಿರ್ತಾರೆ."

ರುಕ್ಸಾನಾ ಹೊರಗೆ ಬಂದಳು. ಆಳುಗಳಲ್ಲಿ ಇಬ್ಬರು ಆಗಲೇ ಲಾರಿಯ ಹತ್ತಿರ ಹೋಗಿ ನಿಂತಿದ್ದರು.

"ಸಿದ್ದಲಿಂಗಣ್ಣ, ನೀವು ಹೆಗಲು ಕೊಟ್ಟಿದ್ದು ಸಾಯೋ ತನಕ ಮರೆಯಲ್ಲ. ಮದುವೆ ಮಾತ್ರ ನಾವೇ ಮಾಡ್ತೀವಿ" ಎಂದಳು. ಆಮೇಲೆ ಅಂಗಳದ ನಡುವೆ ಬಂದು ನಿಂತಳು.

"ಮನೆಯವರು ಹೇಳ್ತಾ ಇದೀವಿ, ಬಿಚ್ಚಿಕೊಳ್ಳಿ. ಪಾಲಣ್ಣ, ಗಾಳಿ ಯಾವ ಕಡೆ ಐತೆ?"

ಪಾಲಣ್ಣ ಅವಳನ್ನೇ ನೋಡಿದ. ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಗಾಳಿಗೆ ಬಿಟ್ಟ. "ಪಡುವಲಿಂದವ್ವ" ಎಂದ, ಮೂಗು ಒರೆಸಿಕೊಂಡು.

"ಹಂಗಾದ್ರೆ ಮೂಡಲ ಕಡೆ ಗಂಟು ಮೊದಲು. ಪಡುವಲದ್ದು ಬಿಚ್ಚಿದ್ರೆ ಗಾಳಿ ಒಳಗೆ ನುಗ್ತೈತೆ."

ಲಾರಿಯ ಹತ್ತಿರ ನಿಂತಿದ್ದ ಇಬ್ಬರೂ ಟವೆಲ್ ತಲೆಗೆ ಸುತ್ತಿಕೊಂಡು ಬಂದು ಹಗ್ಗ ಹಿಡಿದರು. ಕೂತಿದ್ದ ಜನ ಕುರ್ಚಿ ಎತ್ತಿಕೊಂಡು ಗೋಡೆಯ ನೆರಳಿಗೆ ಸರಿದರು. ಬಟ್ಟೆ ಮೆಲ್ಲಗೆ ಕೆಳಗಿಳಿದು ಅಂಗಳಕ್ಕೆಲ್ಲ ಇಳಿಹೊತ್ತಿನ ಬಿಸಿಲು ಬಿತ್ತು. ಬೆಳಿಗ್ಗೆ ಮಂಚವಿದ್ದ ಜಾಗದಲ್ಲಿ ಅದರ ಕಾಲುಗಳ ನಾಲ್ಕು ಗುಳಿಗಳು ಕಂಡವು. ಸುತ್ತಿದ ಶಾಮಿಯಾನವನ್ನು ಹೆಗಲ ಮೇಲೆ ಹೊತ್ತು ಟೆಂಪೊದ ಕಡೆ ಹೊರಟ ನಾಲ್ವರು, ಯಾರೂ ಹೇಳದೆಯೇ, ಆ ಗುಳಿಗಳನ್ನು ತುಳಿಯದೆ ಸುತ್ತಿ ನಡೆದರು.