ಗೊಲ್ಲಾಳಮ್ಮ ಹಚ್ಚಿದ ಕೆಂಪು

"ಇದು ಬ್ರಷ್‌ಲೆ ಹಚ್ಚಿದ್ದಂದ್ರ ನಂಬಾಕ ಆಗಂಗಿಲ್ರಿ ಅಯ್ನೋರ," ಎಂದ ನೆರೆಮನೆಯ ಭೀಮರಾಯ, ಬಾನೆಟ್ಟಿನ ಕೆಂಪು ಬಣ್ಣದ ಮೇಲೆ ಅಂಗೈ ಸವರುತ್ತ. "ಯಾರ ಕಡಿಂದ ಮಾಡಿಸಿದ್ರಿ?"

ಶಹಾಪುರದಲ್ಲಿ ನಿವೃತ್ತ ಮಾಸ್ತರ ಚನ್ನಯ್ಯನ ಅಂಗಳದಲ್ಲಿ ನಾಲ್ಕು ತಿಂಗಳಿಂದ ನಿಂತಿದ್ದ ಪುಟ್ಟ ಟ್ರ್ಯಾಕ್ಟರು ಅವನ ಹೆಂಡತಿಯ ತಂದೆಯದು. ಕಕ್ಕೇರಾದ ಹೊಲದ ಮೂಲೆಯಲ್ಲಿ ಇಪ್ಪತ್ತು ವರ್ಷ ತುಕ್ಕು ಹಿಡಿದು ಬಿದ್ದಿದ್ದನ್ನು ಹೆಂಡತಿ ಗೊಲ್ಲಾಳಮ್ಮ ಹಟ ಹಿಡಿದು ತರಿಸಿದ್ದಳು. ಎಂಜಿನ್ನು ಬಿಚ್ಚಿ ಜೋಡಿಸಿದ್ದು ಮೆಕ್ಯಾನಿಕ್ ಖಾಜಾಮಿಯಾ. ತುಕ್ಕು ಕೆರೆದು, ತಗ್ಗುಗಳಿಗೆ ಪುಟ್ಟಿ ತುಂಬಿ, ತಿಕ್ಕಿ ತಿಕ್ಕಿ ಮೂರು ಸಲ ಬಣ್ಣ ಬಳಿದವಳು ಅವಳೇ. ಚನ್ನಯ್ಯ ಅಂಗಡಿಯಿಂದ ಡಬ್ಬಿ ತಂದುಕೊಟ್ಟಿದ್ದ, ಅಷ್ಟೆ.

"ಬ್ಯಾರೆದವ್ರು ಯಾಕ ಬೇಕ್ರಿ? ನಾನ ಮಾಡೀನಿ," ಎಂದುಬಿಟ್ಟ.

"ಅಮ್ಮನೋರೂ ಕೈ ಹಚ್ಚಿರಬೇಕಲ್ಲ?"

"ಆಕಿಗೇನ್ ತಿಳೀತದರಿ ಇದು!"

ನಗುತ್ತ ತಿರುಗಿದರೆ ಗೊಲ್ಲಾಳಮ್ಮ ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಉಗುರುಸಂದಿಯಲ್ಲೆಲ್ಲ ಕೆಂಪು ಮೆತ್ತಿತ್ತು. ಭೀಮರಾಯ ಆ ಕೈಗಳನ್ನು ನೋಡಿದ. ಆಮೇಲೆ ಚನ್ನಯ್ಯನ ಮುಖ ನೋಡಲು ಹೋಗದೆ ಚಹಾದ ಕಪ್ ತೆಗೆದುಕೊಂಡ.

ಅವಳು ಜಗಳ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಳು, ಬಡಿಸಿದಳು. ಟ್ರ್ಯಾಕ್ಟರಿನ ಹತ್ತಿರ ಮಾತ್ರ ಸುಳಿಯಲಿಲ್ಲ. ಎಡಗಡೆಯ ಮಡ್‌ಗಾರ್ಡ್ ಒಂದು ಬಾಕಿ ಉಳಿದಿತ್ತು. ನಾಲ್ಕನೆಯ ದಿನ ಚನ್ನಯ್ಯ ತಾನೇ ಬ್ರಷ್ ಹಿಡಿದ. ಒಣಗಿದ ಮೇಲೆ ನೋಡಿದರೆ ಬಣ್ಣ ಕಣ್ಣೀರಿಳಿದಂತೆ ಉದ್ದುದ್ದ ಸೋರಿ ನಿಂತಿತ್ತು. ಹೇಳಿಕೊಡು ಎನ್ನಲು ಎರಡು ಸಲ ಅಡುಗೆಮನೆಯವರೆಗೆ ಹೋಗಿ, ನೀರು ಕುಡಿದು ವಾಪಸು ಬಂದ.

ಭಾನುವಾರ ಭೀಮರಾಯ ವಡಗೇರಾದ ಇಬ್ಬರು ನೆಂಟರನ್ನು ಕರೆದುಕೊಂಡು ಬಂದ. "ಅಯ್ನೋರು ಒಬ್ಬರ ಮಾಡ್ಯಾರ ನೋಡ್ರಿ," ಎಂದ, ಎತ್ತಲೋ ನೋಡುತ್ತ.

ತನ್ನ ಮರ್ಯಾದೆ ಉಳಿಸಲೆಂದು ಭೀಮರಾಯ ತನ್ನ ಸುಳ್ಳನ್ನು ಹೊರುತ್ತಿದ್ದಾನೆ ಅನ್ನಿಸಿ ಚನ್ನಯ್ಯನ ಕಿವಿ ಬಿಸಿಯಾಯಿತು.

"ಇಲ್ರಿ," ಎಂದ. "ಅವತ್ತ ನಾ ಸುಳ್ಳ ಹೇಳಿದೆ. ಬಣ್ಣದ ಕೆಲಸ ಎಲ್ಲಾ ಆಕಿ ಮಾಡ್ಯಾಳ. ನಾ ಹಚ್ಚಿದ್ದು ಅದೊಂದ," ಎಂದು ಮಡ್‌ಗಾರ್ಡ್ ತೋರಿಸಿದ.

ನೆಂಟರಲ್ಲೊಬ್ಬ ಬಗ್ಗಿ ಸೋರಿದ ಬಣ್ಣ ನೋಡಿದ. ಒಳಗೆ ಪಾತ್ರೆಯ ಸದ್ದು ನಿಂತಿತು. ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಯಿತು.

ಅವರೆಲ್ಲ ಹೋದ ಮೇಲೆ ಗೊಲ್ಲಾಳಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಸೋರಿದ ಬಣ್ಣದ ಮೇಲೆ ಬೆರಳಾಡಿಸಿದಳು.

"ಪೂರಾ ಕೆರೀಬೇಕು."

"ನಾ..." ಎಂದ ಚನ್ನಯ್ಯ.

"ನೀರ ಹಾಕ್ರಿ. ಸಾವಕಾಶ."

ಅವನು ತಂಬಿಗೆಯಲ್ಲಿ ನೀರು ತಂದು ಬಗ್ಗಿಸಿದ. ಅವಳು ತಲೆ ಎತ್ತದೆ ಪಾಲಿಶ್ ಪೇಪರಿನಿಂದ ತಿಕ್ಕತೊಡಗಿದಳು. ಬಣ್ಣ ಸವೆದು ನೀರಿನೊಂದಿಗೆ ಇಳಿಯುತ್ತಿದ್ದಂತೆ ಅಡಿಯ ಬರಿ ತಗಡು ಅಂಗೈಯಗಲ ಕಾಣಿಸಿತು.