ನಿನ್ನೆ ಹೇಳಿದವರು ಯಾರು

ಮೂರು ದಿನ ಬಿಡದೆ ಸುರಿದ ಮಳೆ ಗುರುವಾರ ಬೆಳಿಗ್ಗೆ ಸ್ವಲ್ಪ ತೆಳುವಾಗಿತ್ತು. ನಗರದಂಚಿನ ಮಿಯಾಪುರದಿಂದ ಆಚೆ, ಜಿಲ್ಲೇಡು ಚೆರುವು ಎಂಬ ಕೆರೆಯ ಕಟ್ಟೆಯ ಕೆಳಗೆ ಕೂಲಿಕಾರರ ತಗಡಿನ ಶೆಡ್ಡುಗಳು ಒತ್ತೊತ್ತಾಗಿ ನಿಂತಿದ್ದವು. ಅವುಗಳ ನಡುವಿನ ಕೆಸರಿನಲ್ಲಿ ಮೈಕು ಕಟ್ಟಿದ ಆಟೊ ಮೂರನೆಯ ಸುತ್ತು ಹಾಕುತ್ತಿತ್ತು. ಕೆರೆಯ ಕಟ್ಟೆಗೆ ಅಪಾಯವಿದೆ, ಎಲ್ಲರೂ ಕೂಡಲೇ ಮೇಲಿನ ಸರಕಾರಿ ಶಾಲೆಗೆ ಹೋಗಬೇಕು ಎಂದು ಮೈಕು ತೆಲುಗಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಸಾರುತ್ತಿತ್ತು. ಆ ದನಿ ನರಹರಿಯದು. ಕಚೇರಿಯಲ್ಲಿ ಮುಂಜಾನೆ ಆರಕ್ಕೆ ರೆಕಾರ್ಡು ಮಾಡಿಸಿ, ಅದರ ಹಿಂದೆಯೇ ಆಟೊದಲ್ಲಿ ಕೂತು ಬಂದಿದ್ದ.

ಯಾರೂ ಏಳಲಿಲ್ಲ. ಒಬ್ಬಾಕೆ ಬೂದಿ ಹಚ್ಚಿ ಬೋಗುಣಿ ತಿಕ್ಕುತ್ತಿದ್ದಳು. ಇಬ್ಬರು ಗಂಡಸರು ಬಾಗಿಲಲ್ಲಿ ಕೂತು ಬೀಡಿ ಸೇದುತ್ತ ಆಟೊ ಹೋದ ಕಡೆ ಕತ್ತು ತಿರುಗಿಸಿದರು, ಮತ್ತೆ ಬಂದಾಗ ಇತ್ತ ತಿರುಗಿಸಿದರು.

ನರಹರಿಗೆ ಐವತ್ತೊಂದು. ಅವನ ಅಜ್ಜ ನಿಜಾಮರ ಕಾಲದಲ್ಲಿ ರಾಯಚೂರಿನಿಂದ ನೌಕರಿಗೆಂದು ಬಂದು ನಾರಾಯಣಗೂಡದಲ್ಲಿ ಮನೆ ಮಾಡಿದವರು. ಅಂದಿನಿಂದ ಮನೆಯಲ್ಲಿ ಕನ್ನಡ, ಹೊಸ್ತಿಲ ಆಚೆ ತೆಲುಗು, ಪೇಟೆಯಲ್ಲಿ ಹಿಂದಿ. ನಗರಪಾಲಿಕೆಯ ವಲಯ ಕಚೇರಿಯ ಪ್ರಚಾರ ಶಾಖೆಯಲ್ಲಿ ಇಪ್ಪತ್ತಾರು ವರ್ಷ ಪ್ರಕಟಣೆ ಬರೆದ ಕೈ ಅವನದು. ಎಂಥ ಗೊಂದಲವನ್ನೂ ಮೂರು ಸಾಲಿನಲ್ಲಿ ತಣ್ಣಗೆ ಮಾಡುತ್ತಾನೆ ಎಂದು ಸಾಹೇಬರುಗಳು ಹೊಗಳುತ್ತಿದ್ದರು, ಅವನೂ ಹಾಗೆಂದೇ ನಂಬಿದ್ದ.

ಮಂಗಳವಾರ ಎಂಜಿನಿಯರರಿಂದ ಬಂದ ಟಿಪ್ಪಣಿಯಲ್ಲಿ ಎರಡು ವಾಕ್ಯ ಇದ್ದವು. ಕಟ್ಟೆ ಸದ್ಯಕ್ಕೆ ಭದ್ರವಾಗಿದೆ ಎಂಬುದು ಮೊದಲನೆಯದು. ಎಡ ತುದಿಯಲ್ಲಿ ನೀರು ಜಿನುಗುತ್ತಿದೆ, ಹಗಲೂ ರಾತ್ರಿ ನಿಗಾ ಇಡಬೇಕು ಎಂಬುದು ಎರಡನೆಯದು. ಮೇಲಧಿಕಾರಿ ಶರಣಕುಮಾರ ಎರಡನೆಯದರ ಮೇಲೆ ಪೆನ್ನು ಎಳೆದು, "ಜನ ಹೆದರಬಾರದು, ಅಷ್ಟೇ" ಎಂದರು. ನರಹರಿ ಉಳಿದ ಸಾಲನ್ನು ತಿದ್ದಿ ತೀಡಿದ. 'ಸದ್ಯಕ್ಕೆ' ಎಂಬುದು ಸಾಲಿನ ಓಟಕ್ಕೆ ತಡೆಯಾಗುತ್ತದೆ ಎನಿಸಿ ತೆಗೆದ, ಅಲ್ಲಿ 'ಸಂಪೂರ್ಣ' ಸೇರಿಸಿದ. ಆ ಮಾತನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ, ವದಂತಿ ಹಬ್ಬಿಸಿದವರ ಮೇಲೆ ಕೇಸು ಹಾಕಲಾಗುವುದು ಎಂದೂ ಬರೆದ. ಬುಧವಾರ ಇಡೀ ದಿನ ಇದೇ ಆಟೊ, ಇದೇ ದನಿ, ಇದೇ ಓಣಿಯಲ್ಲಿ ಅದನ್ನೇ ಸಾರಿತ್ತು.

ಬುಧವಾರ ಸಂಜೆ ಪೊಲೀಸರು ಇಲ್ಲಿಂದ ಒಬ್ಬನನ್ನು ಕರೆದೊಯ್ದಿದ್ದರು. ಕಟ್ಟೆಯಿಂದ ನೀರು ಜಿನುಗುವ ವಿಡಿಯೊ ಮಾಡಿ ಊರ ಕಡೆಯವರಿಗೆಲ್ಲ ಕಳಿಸಿದ್ದು ಅವನ ತಪ್ಪು. ಹೆಸರು ಮಲ್ಲು, ಗಾರೆ ಕೆಲಸದವನು.

ಆಟೊ ನಾಲ್ಕನೆಯ ಸುತ್ತಿಗೆ ಹೊರಳುವಾಗ ಬೀಡಿ ಸೇದುತ್ತಿದ್ದವನು ಪಕ್ಕದವನಿಗೆ ಹೇಳಿದ್ದು ನರಹರಿಯ ಕಿವಿಗೆ ಬಿತ್ತು.

"ನಿನ್ನಿ ಹಂಗಂತಿದ್ದ, ಇವತ್ತ ಹಿಂಗಂತಾನ. ದನಿ ಮಾತ್ರ ಅದ ಐತಿ ನೋಡು."

"ಹ್ವಾದ ವರ್ಸನೂ ಹಿಂಗ ಅಂದು ಎಬ್ಬಿಸಿದ್ರಲ್ಲ. ಮರುದಿನ ಬಂದು ನೋಡಿದ್ರ ಶೆಡ್ಡ ಕಿತ್ತಿ ಒಗದಿದ್ರು. ಜಾಗಾ ಬೇಕಾಗೇತಿ ಮಾಲಕಗ."

ಕನ್ನಡ. ಮನೆಯ ಮಾತು ಇಂಥ ಕೆಸರಿನಲ್ಲಿ ಹೀಗೆ ಎದುರಾಗುತ್ತದೆಂದು ನರಹರಿ ಎಣಿಸಿರಲಿಲ್ಲ. ಅವನು ಮೈಕಿನ ಸ್ವಿಚ್ಚು ಆರಿಸಿ, ಪ್ಯಾಂಟು ಮಡಚಿಕೊಂಡು ಇಳಿದ. ಡ್ರೈವರ್ ಶ್ರೀನಿವಾಸ ಬೇಡವೆಂಬಂತೆ ನೋಡಿದ.

"ಇಲ್ರೆಪಾ, ಜಾಗಾಕ್ಕ ಅಲ್ಲ," ನರಹರಿ ಹೇಳಿದ. "ಇವತ್ತ ಹೇಳ್ಲಿಕತ್ತದ್ದು ಖರೇನ ಅದ. ಕಟ್ಟಿ ನಿಲ್ಲೂದಿಲ್ಲ ಅಂತ ಎಂಜಿನಿಯರ್ ಮುಂಜಾನೆ ಫೋನ್ ಮಾಡಿ ಹೇಳ್ಯಾರ."

ಗಂಡಸರು ಅವನ ಮುಖ ನೋಡಿದರು. ಒಬ್ಬ ಎದ್ದು ಒಳಗೆ ಹೋದ. ಮರಳಿ ಬಂದಾಗ ಅವನ ಜೊತೆ ಐವತ್ತರ ಹೆಂಗಸೊಬ್ಬಳಿದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು, ಬೆರಳ ಸಂದಿಗಳನ್ನು ಸಿಮೆಂಟು ತಿಂದಿತ್ತು. ಗದಿಗೆಮ್ಮ, ಸುರಪುರದ ಕಡೆಯವಳು. ಇಪ್ಪತ್ತೆರಡು ವರ್ಷ ಈ ನಗರದ ಸ್ಲ್ಯಾಬುಗಳಿಗೆ ಕಾಂಕ್ರೀಟು ಹೊತ್ತವಳು. ಮಲ್ಲು ಅವಳ ಮಗ. ಹಿಂದೆಯೇ ಬಂದು ಬಾಗಿಲಿಗೆ ಒರಗಿದ ಬಸುರಿ ಹೆಂಗಸು ಮಲ್ಲುವಿನ ಹೆಂಡತಿ ರೇಣುಕಾ.

"ನಿನ್ನಿ ಹೇಳಿದವರು ಯಾರ್ರಿ?" ಗದಿಗೆಮ್ಮ ಕೇಳಿದಳು. ಜಗಳದ ದನಿಯಲ್ಲ, ದಾರಿ ಕೇಳುವವರ ದನಿ.

ಕಚೇರಿ ಎನ್ನಬಹುದಿತ್ತು. ಇಪ್ಪತ್ತಾರು ವರ್ಷ ಅವನು ಬರೆದ ಯಾವ ವಾಕ್ಯಕ್ಕೂ ಹೇಳುವವರು ಇರುತ್ತಿರಲಿಲ್ಲ. ತಿಳಿಸಲಾಗಿದೆ, ಕೋರಲಾಗಿದೆ, ಎಚ್ಚರಿಸಲಾಗಿದೆ, ಹೀಗೇ.

"ನಾನ ರೀ."

"ಖರೆ ಇತ್ತೇನು?"

"ಇದ್ದಿಲ್ಲ. ಅರ್ಧಾ ಮುಚ್ಚಿಟ್ಟು ಬರದೆ. ಮುಚ್ಚು ಅಂದ್ರು, ಮುಚ್ಚಿದೆ. ಪೂರ್ತಿ ಗಟ್ಟಿ ಅದ ಅಂತ ಬರದದ್ದು ಮಾತ್ರ ನಂದ."

"ನಮ್ಮ ಮಲ್ಲು ಕಳಿಸಿದ್ದು?"

"ಅದು ಖರೆ ಇತ್ತು."

ಸುತ್ತ ಜನ ಕೂಡಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಗದಿಗೆಮ್ಮ ಆಟೊದ ಮೇಲಿನ ಮೈಕಿನತ್ತ ಗದ್ದ ಎತ್ತಿದಳು. "ಈಗ ನನಗ ಹೇಳಿದ್ರಲ್ಲ, ಅದನ್ನ ಅದರಾಗ ಹೇಳ್ರಿ. ಅತ್ತಾಗ ಪಾಲಮೂರಿನ ತೆಲುಗರದಾರ, ಒಡಿಶಾದವರದಾರ. ಅವರಿಗೂ ತಿಳೀಬೇಕು."

ಶ್ರೀನಿವಾಸ ಅವನ ಕಿವಿಯ ಹತ್ತಿರ ಬಂದು, "ಸಾರ್, ಎಲ್ಲರ ಕೈಯಲ್ಲೂ ಫೋನಿದೆ. ನೌಕರಿ ಹೋಗುತ್ತೆ" ಎಂದು ತೆಲುಗಿನಲ್ಲಿ ಪಿಸುಗುಟ್ಟಿದ. ನರಹರಿ ಮೈಕು ಕೈಗೆ ತೆಗೆದುಕೊಂಡ. ಕಾಗದವಿಲ್ಲದೆ ಅದರಲ್ಲಿ ಮಾತಾಡಿದ್ದು ಅದೇ ಮೊದಲು. ತೆಲುಗಿನಲ್ಲಿ ಹೇಳಿದ, ಹಿಂದಿಯಲ್ಲಿ ಹೇಳಿದ, ಕೊನೆಗೆ ಕನ್ನಡದಲ್ಲಿ ಹೇಳಿದ. ನಿನ್ನೆಯ ಮಾತು ಸುಳ್ಳು, ಬರೆದವನು ನಾನು, ಮಲ್ಲುವಿನ ವಿಡಿಯೊ ನಿಜ, ಇವತ್ತು ಕಟ್ಟೆ ಒಡೆಯಬಹುದು. ಫೋನುಗಳು ಅವನ ಕಡೆ ಎದ್ದು ನಿಂತವು. ಮುಗಿದ ಮೇಲೆ ಮೈಕಿನ ಗುಂಯ್ ಎಂಬ ಸದ್ದೊಂದೇ ಉಳಿಯಿತು.

"ಬರ್ರಿ, ಜಿನುಗೂದು ನೋಡೂಣು," ಎಂದಳು ಗದಿಗೆಮ್ಮ.

ಕಟ್ಟೆಯ ಎಡ ತುದಿಗೆ ಇಬ್ಬರೂ ನಡೆದು ಹೋದರು. ಮೇಲೆ ಹತ್ತಿದ ನರಹರಿ ಅಲ್ಲೇ ನಿಂತ. ಅವನು ಬರೆದ ಕೆರೆಯನ್ನು ಅವನು ಇದುವರೆಗೂ ಕಂಡಿರಲಿಲ್ಲ. ಕಾಗದದಲ್ಲಿ ಅದು ಇಷ್ಟು ಎಕರೆ, ಇಷ್ಟು ಅಡಿ. ಇಲ್ಲಿ ಅದು ಆಚೆಯ ಎತ್ತರದ ಅಪಾರ್ಟ್‌ಮೆಂಟುಗಳ ಬುಡದವರೆಗೆ ತುಂಬಿಕೊಂಡು, ಬೂದು ಆಕಾಶಕ್ಕೆ ಅಂಟಿಕೊಂಡು, ಅವನ ಕಾಲಿಗಿಂತ ಒಂದು ಗೇಣು ಕೆಳಗೆ ಸುಮ್ಮನೆ ತೂಗುತ್ತಿತ್ತು. ಹಿಂದಕ್ಕೆ ತಿರುಗಿದರೆ ಆಳದಲ್ಲಿ, ಶೆಡ್ಡುಗಳ ತಗಡು ಕಾಣುತ್ತಿತ್ತು.

ಗದಿಗೆಮ್ಮ ಕೆರೆಯ ಕಡೆ ನೋಡಲೇ ಇಲ್ಲ. ಕಟ್ಟೆಯ ಹೊರಮೈಗೆ ಇಳಿದು, ನೀರು ಜಿನುಗುವಲ್ಲಿ ಮಂಡಿಯೂರಿ, ಅಂಗೈ ಒಡ್ಡಿದಳು. ತುಂಬಿದ ನೀರನ್ನು ಬೆಳಕಿಗೆ ಹಿಡಿದು ನೋಡಿದಳು. ಚೆಲ್ಲಿ, ಮತ್ತೆ ಹಿಡಿದಳು. ಬೆರಳಿನಿಂದ ತಳವನ್ನು ತಿಕ್ಕಿ ನೋಡಿದಳು.

"ತಿಳಿ ನೀರು ಬಂದ್ರ ಕಟ್ಟಿ ಬೆವರಾಕತ್ತೈತಿ ಅಂತ ಅರ್ಥ," ಅವಳು ಹೇಳಿದಳು. "ಇದು ಕೆಂಪಗ ಐತಿ. ಒಳಗಿನ ಮಣ್ಣು ತಿಂದು ಬರಾಕತ್ತೈತಿ. ಪಾಯಾ ತೋಡೋವಾಗ ಹಿಂಗ ಬಂತಂದ್ರ ನಾವು ಸಲಿಕಿ ಅಲ್ಲೇ ಬಿಟ್ಟು ಮ್ಯಾಲ ಬರ್ತೀವಿ."

ಎಂಜಿನಿಯರರು ಉಪಕರಣ ಇಟ್ಟು ಎರಡು ದಿನದ ಮೇಲೆ ಫೋನಿನಲ್ಲಿ ಹೇಳಿದ್ದನ್ನು ಅವಳು ಅಂಗೈಯಲ್ಲಿ ಓದಿದ್ದಳು.

ಕೆಳಗೆ ಇಳಿದು ಬಂದಾಗ ಜನ ಹಾಗೆಯೇ ನಿಂತಿದ್ದರು. ಗದಿಗೆಮ್ಮ ಭಾಷಣ ಮಾಡಲಿಲ್ಲ. ಕೈಯ ಕೆಂಪು ರಾಡಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, "ಏಳ್ರಿ" ಎಂದಳು.

ಆಮೇಲೆ ನಡೆದದ್ದನ್ನು ನರಹರಿ ಕಣ್ಣು ಪಿಳುಕಿಸದೆ ನೋಡಿದ. ಆ ಒಂದು ಮಾತು ಓಣಿಯಿಂದ ಓಣಿಗೆ ಹೋಯಿತು. ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಹಿಂದಿಗೆ, ಅಲ್ಲಿಂದ ಅವನಿಗೆ ತಿಳಿಯದ ಇನ್ನೊಂದು ಭಾಷೆಗೆ. ಬೋಗುಣಿಗಳು ಚೀಲ ಸೇರಿದವು. ಒಲೆಯ ಮೇಲಿನ ಅನ್ನದ ಗಡಿಗೆ ಬಟ್ಟೆಯಲ್ಲಿ ಸುತ್ತಿಕೊಂಡಿತು. ಮುದುಕಿಯೊಬ್ಬಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ ನಾಲ್ವರು ಎತ್ತಿಕೊಂಡರು. ರೇಣುಕಾಳನ್ನು ಶ್ರೀನಿವಾಸ ಆಟೊದಲ್ಲಿ ಕೂಡಿಸಿಕೊಂಡ. ಕಿರುಚಾಟವಿಲ್ಲ, ತಳ್ಳಾಟವಿಲ್ಲ. ನಾಲ್ಕು ನೂರು ಮಂದಿ ಶಾಲೆಯ ಏರನ್ನು ಹತ್ತುತ್ತಿದ್ದರು. ಅವನ ದನಿ ಮುಂಜಾನೆಯಿಂದ ಕೂಗಿ ಒಂದು ಕೋಳಿಯನ್ನೂ ಅಲುಗಿಸಿರಲಿಲ್ಲ.

ಮೂರೂವರೆಗೆ ಕಟ್ಟೆ ಒಡೆಯಿತು.

ಮೊದಲು ಬಂದದ್ದು ಸದ್ದಲ್ಲ, ಕಾಲಡಿಯ ನಡುಕ. ಶಾಲೆಯ ಜಗಲಿಯಲ್ಲಿದ್ದವರೆಲ್ಲ ಎದ್ದು ನಿಂತರು. ಎಡ ತುದಿಯ ಮಣ್ಣು ದಣಿದ ಎಮ್ಮೆ ಕೂರುವ ಹಾಗೆ ಮೆಲ್ಲಗೆ ಕುಸಿಯಿತು. ಅದರ ಮೇಲಿಂದ ಕೆರೆ ಎದ್ದು ಬಂತು, ಅವಸರವಿಲ್ಲದೆ, ತನ್ನ ಜಾಗಕ್ಕೆ ತಾನು ಹೋಗುವ ಹಾಗೆ. ತಗಡುಗಳು ಒಂದಕ್ಕೊಂದು ಬಡಿದು, ಮಡಚಿ, ಕೆಂಪು ನೀರಿನಲ್ಲಿ ಮಾಯವಾದವು. ಒಂದು ಮನೆಯ ಬಾಗಿಲು ಮಾತ್ರ ಚೌಕಟ್ಟಿನ ಸಮೇತ ನೆಟ್ಟಗೆ ನಿಂತು ಬಹಳ ದೂರ ತೇಲಿಹೋಯಿತು. ನಂತರ ಗದಿಗೆಮ್ಮ ಮನೆ ಮನೆಯ ಹೆಸರು ಹಿಡಿದು ಕೂಗತೊಡಗಿದಳು. ಪ್ರತಿ ಹೆಸರಿಗೂ ಒಂದು ದನಿ ಓಗೊಟ್ಟಿತು. ಕಡೆಯ ಹೆಸರಿಗೂ ಓಗೊಟ್ಟಾಗ ನರಹರಿ ಗೋಡೆ ಹಿಡಿದು ಕೂತುಬಿಟ್ಟ.

ಅಷ್ಟು ಹೊತ್ತಿಗೆ ಅವನ ಮೈಕಿನ ಮಾತು ಮಾದಾಪುರದ ಐಟಿ ಆಫೀಸುಗಳ ಫೋನುಗಳವರೆಗೆ ತಲುಪಿತ್ತು. ಶರಣಕುಮಾರರ ಕರೆ ಬಂತು.

"ನರಹರಿ, ಇನ್ನು ಮುಂದೆ ನಮ್ಮ ಮಾತು ಯಾರು ನಂಬುತ್ತಾರೆ?"

"ನಿನ್ನೆಯೇ ಯಾರೂ ನಂಬುತ್ತಿರಲಿಲ್ಲ ಸರ್."

"ನೋಟಿಸು ಬರುತ್ತದೆ. ತಯಾರಾಗಿರಿ," ಎಂದು ಅವರು ಫೋನು ಇಟ್ಟರು.

ಸಂಜೆ ನರಹರಿ ಪೊಲೀಸ್ ಠಾಣೆಗೆ ಹೋಗಿ, ಮಲ್ಲುವಿನ ವಿಡಿಯೊ ನಿಜವೆಂದೂ ಕಚೇರಿಯ ಪ್ರಕಟಣೆ ಸುಳ್ಳೆಂದೂ ತನ್ನ ಕೈಯಾರೆ ಬರೆದು ಸಹಿ ಹಾಕಿದ. ನಾನು ಬರೆದೆ, ನಾನು ಮುಚ್ಚಿಟ್ಟೆ ಎಂದು ಬರೆಯುವಾಗ ಪೆನ್ನು ಎರಡು ಕಡೆ ಕಾಗದವನ್ನು ಹರಿಯಿತು. ಶುಕ್ರವಾರ ಬೆಳಿಗ್ಗೆ ಮಲ್ಲುವನ್ನು ಬಿಟ್ಟರು. ಅವನು ಶಾಲೆಗೆ ಬಂದು, ರೇಣುಕಾಳ ಪಕ್ಕ ಕೂತು, ನರಹರಿಯನ್ನು ಒಂದು ಸಲ ನೋಡಿದ. ನಮಸ್ಕಾರ ಮಾಡಲಿಲ್ಲ. ನರಹರಿಯೂ ಅದನ್ನು ಬಯಸಲಿಲ್ಲ.

ಅಂದು ಮತ್ತೆ ಮೋಡ ಕವಿಯಿತು. ಜಿಲ್ಲೇಡು ಚೆರುವಿನ ಮೇಲ್ಗಡೆ ಇನ್ನೊಂದು ಚಿಕ್ಕ ಕೆರೆಯಿತ್ತು. ಅದೂ ಒಡೆದಿದೆ, ನೀರು ಶಾಲೆಗೇ ಬರುತ್ತದೆ ಎಂಬ ಸಂದೇಶ ಯಾರದೋ ಫೋನಿಗೆ ಬಂತು. ಎರಡು ನಿಮಿಷದಲ್ಲಿ ಎಲ್ಲರ ಫೋನಿಗೂ ಬಂತು. ಗಂಟುಗಳನ್ನು ಕಟ್ಟುತ್ತಿದ್ದ ಕೈಗಳು ತಡೆದವು. ಎಲ್ಲರೂ ಗದಿಗೆಮ್ಮನ ಕಡೆ ತಿರುಗಿದರು. ಗದಿಗೆಮ್ಮ ನರಹರಿಯ ಕಡೆ ತಿರುಗಿದಳು.

"ಮ್ಯಾಲಿನ ಕೆರಿ ಹ್ಯಾಂಗೈತ್ರಿ ಸಾಹೇಬ್ರ?"

"ಗೊತ್ತಿಲ್ರಿ," ಎಂದ ನರಹರಿ. ಕಚೇರಿಯ ಕೆಲಸದಲ್ಲಿ ಅವನು ಆ ಮಾತನ್ನು ಒಮ್ಮೆಯೂ ಬರೆದಿರಲಿಲ್ಲ. "ಹೋಗಿ ನೋಡಿ ಬಂದು ಹೇಳ್ತೀನಿ."

"ಹೋಗಿ ಬರ್ರಿ. ಅಲ್ಲೀತನಾ ಕೂತಿರ್ತೀವಿ."

ಹೋಗುವಾಗ ದಾರಿಯ ತುಂಬ ಅವನಿಗೆ ಅದೇ ಭಾರ. ನೋಟಿಸಿನದಲ್ಲ. ನಾಲ್ಕು ನೂರು ಜನ ಗಂಟು ಬಿಚ್ಚದೆ, ಎದ್ದು ಓಡದೆ, ಅವನು ತರುವ ಒಂದು ಮಾತಿಗಾಗಿ ಕೂತಿದ್ದಾರೆ. ನಿನ್ನೆ ಮೊನ್ನೆ ತಮ್ಮನ್ನು ಮುಳುಗಿಸಲಿದ್ದ ಮನುಷ್ಯನಿಗಾಗಿ ಕೂತಿದ್ದಾರೆ. ಯಾಕೆ ನಂಬಿದರು? ತಿಳಿಯಲಿಲ್ಲ. ಆ ದೊಡ್ಡ ನೀರಿಗಿಂತ ಇದು ದೊಡ್ಡದೆನಿಸಿತು.

ಚಿಕ್ಕ ಕೆರೆಯ ಕಟ್ಟೆಯ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ನಡೆದ. ಅಲ್ಲಲ್ಲಿ ಮಂಡಿಯೂರಿ ಹೊರಮೈಯನ್ನು ಅಂಗೈಯಿಂದ ಮುಟ್ಟಿ ನೋಡಿದ. ಗಡಿಯಾರ ನೋಡಿದ. ಶಾಲೆಗೆ ಮರಳಿ ಜಗಲಿಗೆ ಕಾಲಿಟ್ಟಾಗ ಮಾತುಗಳೆಲ್ಲ ತಾವಾಗಿಯೇ ಅಡಗಿದವು. ಅಳುತ್ತಿದ್ದ ಕೂಸನ್ನು ಯಾರೋ ಎದೆಗೆ ಒತ್ತಿಕೊಂಡರು.

"ಹನ್ನೊಂದು ಗಂಟೇಕ ನೋಡೇನಿ," ನರಹರಿ ಹೇಳಿದ. "ನೀರು ಕಟ್ಟಿಗಿಂತ ಎರಡು ಮೊಳ ಕೆಳಗದ. ಎಲ್ಲೂ ಜಿನುಗು ಕಾಣಲಿಲ್ಲ, ಬಲಗಡೆ ಒಂದು ಕಡೆ ಮಣ್ಣು ಒದ್ದಿ ಅದ. ಅದು ಮಳಿಗೋ, ಒಳಗಿನ ನೀರಿಗೋ, ನನಗ ತಿಳೀಲಿಲ್ಲ. ಗದಿಗೆಮ್ಮಾರ, ನೀವೊಮ್ಮೆ ಬಂದು ಮುಟ್ಟಿ ನೋಡ್ರಿ."

ಗದಿಗೆಮ್ಮ ಸೆರಗು ಬಿಗಿದುಕೊಂಡು ಎದ್ದಳು.