ಷಣ್ಮುಖಪ್ಪನ ಬಂಗಾರದ ರಿಮ್ಮುಗಳು

ಮಹಾರಾಜರ ಕಾಲದ ಅಜ್ಜಂಪುರದಲ್ಲಿ ಸೈಕಲ್ ಇದ್ದ ನಾಲ್ಕಾರು ಜನ ಅದನ್ನು ತುಳಿದುಕೊಂಡು ಓಡಾಡುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಕೊಬ್ಬರಿ ವ್ಯಾಪಾರದ ಷಣ್ಮುಖಪ್ಪ ಮಾತ್ರ ತನ್ನದನ್ನು ಒರೆಸುತ್ತಿದ್ದ.

ಊರು ಬಿಟ್ಟು ವಿಲಾಯತಿಗೆ ಹೊರಟ ರೈಲ್ವೆ ಎಂಜಿನಿಯರ್ ದೊರೆಯಿಂದ ಕೊಂಡ ಹಳೆಯ ಗಾಡಿ ಅದು. ರಿಮ್ಮು, ಬ್ರೇಕಿನ ಹಿಡಿ ಎಲ್ಲ ಅಲ್ಯೂಮಿನಿಯಮ್ಮು. ಮೇಲೆ ಕರೆಂಟು ಹರಿಸಿ ಕಟ್ಟಿದ ಹೊಂಬಣ್ಣದ ತೆಳು ಪೊರೆ. ಬಂದಾಗ ಜಿಡ್ಡು ಹಿಡಿದು ಬಾಣಲೆಯ ತಳದಂತಿತ್ತು. ಷಣ್ಮುಖಪ್ಪ ಬಿಟ್ಟಾನೆಯೇ? ಅಂಟುವಾಳದ ನೊರೆ, ಹಳೇ ಪಂಚೆಯ ತುಂಡು, ಆಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ. ಬೂದಿ ಮಾತ್ರ ಹತ್ತಿರ ಸುಳಿಯುವಂತಿಲ್ಲ, ಬಣ್ಣ ಬಿಟ್ಟೀತು! ವಿಭೂತಿಯೂ ಬೂದಿಯೇ ತಾನೆ ಎಂದು, ಹಣೆಗೆ ಹಚ್ಚಿದ ಬೆರಳನ್ನು ತೊಳೆದೇ ಸೈಕಲ್ ಮುಟ್ಟುತ್ತಿದ್ದ. ಶಿವ ಮುನಿಸಿಕೊಂಡರೆ ಸಮಾಧಾನ ಮಾಡಬಹುದು, ರಿಮ್ಮಿಗೆ ಯಾರು ಹೇಳಬೇಕು?

ಆಷಾಢದ ಒಂದು ಬೆಳಿಗ್ಗೆ ಹೆಂಡತಿ ಮಲ್ಲಿಕಾಂಬಳಿಗೆ ನೋವು ಶುರುವಾಯಿತು. ಹಿಂದಿನ ಕೂಸು ಉಳಿದಿರಲಿಲ್ಲ. ಸೂಲಗಿತ್ತಿ ಹುಲಿಗೆಮ್ಮ ನೋಡಿದರೆ ದೂರದ ಶಿವನಿ ಊರಿನಲ್ಲಿ, ಮಗಳ ಮನೆಯಲ್ಲಿ.

"ರೀ, ಸೈಕಲ್ ಹತ್ತಿ ಬೇಗ ಹೋಗ್ರೀ. ಇದನ್ನಾದ್ರೂ ಉಳಿಸ್ಕೊಳ್ಳಾಣ," ಎಂದು ಅತ್ತಳು.

ಷಣ್ಮುಖಪ್ಪ ಪಂಚೆ ಎತ್ತಿ ಕಟ್ಟಿ ಸೈಕಲ್ ಹತ್ತಿದ. ಹೊರಟೇಬಿಟ್ಟ.

ಊರಾಚೆ ಎರೆಮಣ್ಣಿನ ದಾರಿ, ರಾತ್ರಿಯೆಲ್ಲ ಮಳೆ. ಕೆಸರು ರಿಮ್ಮಿಗೆ ಹಾರಿದ್ದೇ ತಡ, ಇಳಿದು ನಿಂತ. ಬಿಟ್ಟು ಹೋದರೆ ಕದ್ದಾರು, ತುಳಿದರೆ ಬಣ್ಣ ಕೆಟ್ಟೀತು, ನಿಂತರೆ ಹೆಂಡತಿಯ ಗತಿ? ಯಾರಿಗೂ ಅನ್ಯಾಯವಾಗದ ಉಪಾಯ ಹೊಳೆಯಿತು. ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತಾ ಓಡಿದ.

ಶಿವನಿ ಸೇರಿದಾಗ ಮಧ್ಯಾಹ್ನ.

"ಹಿಂದ್ಗಡೆ ಕೂತ್ಕೋತೀನಿ, ತುಳೀರಿ ಸಾವ್ಕಾರ್ರೇ," ಎಂದಳು ಹುಲಿಗೆಮ್ಮ.

"ಕೆಸರಾಗುತ್ತೆ ಕಣಮ್ಮಾ, ನಡಿ ನಡಿ. ನಾನೇ ಇದನ್ನ ಹೊತ್ಕೊಂಡು ಬತ್ತಿಲ್ವಾ?"

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಅಲ್ಲಿ ಹೆಣ್ಣುಜೀವ ಒದ್ದಾಡ್ತೈತೆ ಕಣ್ರೀ!" ಎಂದು ಹಣೆ ಚಚ್ಚಿಕೊಂಡು ಹಿಂದೆ ನಡೆದಳು.

ಮನೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಒಳಗಿನಿಂದ ಕೂಸಿನ ಅಳು! ಪಕ್ಕದ ಮನೆಯ ಲಿಂಗಮ್ಮನೇ ಧೈರ್ಯ ಮಾಡಿ ಹೆರಿಗೆ ಮಾಡಿಸಿದ್ದಳು. ತಾಯಿ ಮಗಳು ಇಬ್ಬರೂ ಕ್ಷೇಮ. ಷಣ್ಮುಖಪ್ಪನ ಕಣ್ಣು ತುಂಬಿ ಬಂತು.

"ಕೊಡೇ ಇಲ್ಲಿ, ಒಂದ್ಸಲ ಎತ್ಕೋತೀನಿ," ಎಂದು ಬಾಗಿಲಲ್ಲೇ ನಿಂತು ಹೆಂಡತಿಯನ್ನು ಕೇಳಿದ. ಹೆಗಲಿನ ಸೈಕಲ್ ಇಳಿಸೋಣವೆಂದರೆ ಒಳಗೆ ಬಾಣಂತಿ, ಅಂಗಳದಲ್ಲಿ ಕೆಸರಿಲ್ಲದ ಜಾಗವೇ ಇರಲಿಲ್ಲ. ಅತ್ತ ನೋಡಿದ, ಇತ್ತ ನೋಡಿದ, ಹಾಗೇ ನಿಂತ.

ಮಲ್ಲಿಕಾಂಬ ಮಗುವನ್ನು ಎದೆಗವಚಿಕೊಂಡು ಗೋಡೆಯ ಕಡೆ ಮಗ್ಗುಲಾದಳು.

"ಹೆಗಲು ಖಾಲಿ ಆದಾಗ ಹೇಳ್ರೀ," ಎಂದಳು. "ಅಲ್ಲೀವರ್ಗೂ ಮಗಳು ಬೆಳೀತಾ ಇರ್ತಾಳೆ."